ಗರ್ಭಪಾತ, ದಯಾಮರಣ: ಕೊಡಗಿನ ಮತದಾರರು ಅಭ್ಯರ್ಥಿಗಳನ್ನು ಹೋಲಿಸಿ ನೋಡುವುದು ಹೇಗೆ?

ಕೊಡಗಿನಲ್ಲಿ ಚುನಾವಣೆ ಬಂತು ಅಂದರೆ ಮಾತೆಲ್ಲ ಆನೆಯದ್ದೇ. ಆನೆ ಮುಗಿದ ಮೇಲೆ ಕಾಫಿ ರೇಟು, ಆಮೇಲೆ ರಸ್ತೆ, ಜಮ್ಮಾ ಭೂಮಿ, ಮಳೆಗಾಲದಲ್ಲಿ ಕುಸಿಯುವ ಗುಡ್ಡ. ಗರ್ಭಪಾತದ ಬಗ್ಗೆ ನಿಮ್ಮ ನಿಲುವೇನು, ದಯಾಮರಣಕ್ಕೆ ಏನಂತೀರಿ ಅಂತ ಅಭ್ಯರ್ಥಿಯನ್ನು ಕೇಳುವವರು ಕಡಿಮೆ. ಅಭ್ಯರ್ಥಿಯೂ ತಾನಾಗಿ ಬಾಯಿ ಬಿಡುವುದಿಲ್ಲ. ಬಿಟ್ಟರೆ ಒಂದು ಕಡೆಯ ವೋಟು ಹೋಗುತ್ತದೆ, ಇನ್ನೊಂದು ಕಡೆಯದ್ದು ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಸುಮ್ನೆ ಯಾಕೆ ತಲೆನೋವು, ಅಲ್ವಾ?

ಆದರೆ ಈ ಎರಡೂ ವಿಷಯ ನಮ್ಮ ಮನೆಗಳ ಒಳಗೇ ಇವೆ. ತೋಟದ ಲೈನ್ ಮನೆಯಲ್ಲಿ ತಿಂಗಳು ತಪ್ಪಿದ ಹುಡುಗಿ ಯಾರಿಗೆ ಹೇಳಬೇಕು ಅಂತ ಗೊತ್ತಾಗದೆ ಕೂತಿರುತ್ತಾಳೆ. ಮೈಸೂರಿನ ಯಾವುದೋ ಐಸಿಯುವಿನ ಹೊರಗೆ ಮಕ್ಕಳು ಮುಖ ಮುಖ ನೋಡಿಕೊಂಡು ಕೂತಿರುತ್ತಾರೆ. ಅಪ್ಪನಿಗೆ ವೆಂಟಿಲೇಟರ್ ಹಾಕಿ ಎಷ್ಟೋ ದಿನ ಆಗಿರುತ್ತದೆ, ತೆಗೆಯಿರಿ ಅನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಈ ವಿಷಯ ಮುಖ್ಯ ಅಂದುಕೊಂಡು ವೋಟು ಹಾಕುವವರಿಗಾಗಿ ಈ ಬರಹ. ಗರ್ಭಪಾತ ಪಾಪ ಅನ್ನುವವರಿಗೂ ಇದು ಉಪಯೋಗಕ್ಕೆ ಬರಬೇಕು, ಅದು ಹೆಣ್ಣಿನ ಸ್ವಂತ ತೀರ್ಮಾನ ಅನ್ನುವವರಿಗೂ ಬರಬೇಕು. ಯಾರಿಗೆ ಹಾಕಿ ಅಂತ ನಾನು ಹೇಳುವುದಿಲ್ಲ. ಯಾವ ಸೀಟಿಗೆ ನಿಂತವರನ್ನು ಯಾವ ಪ್ರಶ್ನೆ ಕೇಳಿ ಹೋಲಿಸಬೇಕು ಅನ್ನುವುದಷ್ಟೇ ನನ್ನ ಮಾತು.

ಬಾವುಟ ನೋಡಿದರೆ ಏನೂ ಗೊತ್ತಾಗುವುದಿಲ್ಲ

ಅಮೆರಿಕದಲ್ಲಿ ಪಕ್ಷದ ಹೆಸರು ಹೇಳಿದರೆ ಗರ್ಭಪಾತದ ನಿಲುವನ್ನು ಹೆಚ್ಚು ಕಡಿಮೆ ಊಹಿಸಬಹುದು. ಇಲ್ಲಿ ಆಗುವುದಿಲ್ಲ. ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿದ್ದು 1971ರಲ್ಲಿ, ಇಂದಿರಾ ಗಾಂಧಿ ಸರ್ಕಾರ ಇದ್ದಾಗ. ಅದನ್ನು ಇನ್ನಷ್ಟು ಸಡಿಲ ಮಾಡಿ 20 ವಾರದ ಮಿತಿಯನ್ನು ಕೆಲವರಿಗೆ 24 ವಾರಕ್ಕೆ ಏರಿಸಿದ್ದು 2021ರಲ್ಲಿ, ನರೇಂದ್ರ ಮೋದಿ ಸರ್ಕಾರ ಇದ್ದಾಗ. ಎರಡು ಬೇರೆ ಬೇರೆ ಪಕ್ಷಗಳು, ಎರಡೂ ಹೋಗಿದ್ದು ಒಂದೇ ದಿಕ್ಕಿಗೆ. ಹಾಗಾಗಿ ಈ ಪಕ್ಷ ಗರ್ಭಪಾತದ ಪರ, ಆ ಪಕ್ಷ ವಿರೋಧ ಅಂತ ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ.

ಹೋಗಲಿ, ನಮ್ಮ ಎಂಪಿ ಆವತ್ತು ಯಾವ ಕಡೆ ವೋಟು ಹಾಕಿದರು ಅಂತ ಹುಡುಕೋಣ ಅಂದರೆ ಅದೂ ಸಿಗುವುದಿಲ್ಲ. ಆ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ 2020ರ ಮಾರ್ಚಿನಲ್ಲಿ, ರಾಜ್ಯಸಭೆಯಲ್ಲಿ 2021ರ ಮಾರ್ಚಿನಲ್ಲಿ ಪಾಸಾಯಿತು. ಎರಡೂ ಕಡೆ ಧ್ವನಿಮತ. ಹೌದು ಅನ್ನುವವರು ಹೌದು ಅಂದರು, ಸಭಾಪತಿ ಸ್ಥಾನದಲ್ಲಿದ್ದವರು ಪಾಸಾಯಿತು ಅಂದರು, ಮುಗೀತು. ಯಾರ ಹೆಸರಿನ ಮುಂದೆಯೂ ಪರ ವಿರೋಧ ಅಂತ ದಾಖಲೆ ಇಲ್ಲ.

ಇನ್ನೊಂದು ತೊಡಕು ವಿಪ್, ಅಂದರೆ ಹೀಗೇ ವೋಟು ಹಾಕಿ ಅಂತ ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ. ಪಕ್ಷಾಂತರ ನಿಷೇಧ ಕಾನೂನು 1985ರಲ್ಲಿ ಬಂದ ಮೇಲೆ, ಪಕ್ಷ ವಿಪ್ ಕೊಟ್ಟರೆ ಸದಸ್ಯ ಅದರಂತೆ ವೋಟು ಹಾಕಲೇಬೇಕು. ಇಲ್ಲದಿದ್ದರೆ ಸೀಟಿಗೇ ಕುತ್ತು. ಮನಸ್ಸಾಕ್ಷಿ ಪ್ರಕಾರ ವೋಟು ಹಾಕುತ್ತೇನೆ ಅಂತ ಅಭ್ಯರ್ಥಿ ನಿಮ್ಮ ಅಂಗಳದಲ್ಲಿ ನಿಂತು ಹೇಳಿದರೆ, ವಿಪ್ ಬಂದರೆ ಏನು ಮಾಡುತ್ತೀರಿ ಅಂತ ಕೇಳಿ. ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತಾವೇ ಮಂಡಿಸುವ ಮಸೂದೆ, ತರುತ್ತೇನೆ ಅಂತಲೂ ಕೆಲವರು ಹೇಳಬಹುದು. ತರಲಿ, ತಪ್ಪಿಲ್ಲ, ಚರ್ಚೆಯಾದರೂ ಆಗುತ್ತದೆ. ಆದರೆ 1970ರ ನಂತರ ಸಂಸತ್ತಿನಲ್ಲಿ ಖಾಸಗಿ ಸದಸ್ಯರ ಒಂದು ಮಸೂದೆಯೂ ಕಾನೂನಾಗಿಲ್ಲ. ಆ ಭರವಸೆಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ.

ನಾಮಪತ್ರದ ಜೊತೆ ಕೊಡುವ ಅಫಿಡವಿಟ್‌ನಲ್ಲೂ ಇದು ಇರುವುದಿಲ್ಲ. ಅಲ್ಲಿ ಆಸ್ತಿ, ಸಾಲ, ಕೇಸು, ಓದು ಇಷ್ಟೇ. ಮತ್ತೆ ಅಭ್ಯರ್ಥಿಯನ್ನು ತಿಳಿಯುವ ದಾರಿ ಯಾವುದು? ಒಂದೇ ದಾರಿ, ನೇರವಾಗಿ ಕೇಳುವುದು. ಅದಕ್ಕೆ ಮೊದಲು ಕಾನೂನು ಈಗ ಎಲ್ಲಿದೆ ಅಂತ ನಮಗೆ ಗೊತ್ತಿರಬೇಕು. ಇಲ್ಲವಾದರೆ ಅವರು ಹೇಳಿದ್ದನ್ನು ತೂಗಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ಗರ್ಭಪಾತ: ಈಗಿನ ಕಾನೂನು ಏನು ಹೇಳುತ್ತದೆ?

20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರು ಒಪ್ಪಬೇಕು, ಅದೂ ಕೆಲವು ವರ್ಗದ ಹೆಂಗಸರಿಗೆ ಮಾತ್ರ. ಅತ್ಯಾಚಾರಕ್ಕೆ ಒಳಗಾದವರು, 18 ತುಂಬದ ಹುಡುಗಿಯರು, ಬಸಿರಾದ ಮೇಲೆ ಗಂಡ ತೀರಿಕೊಂಡವರು ಅಥವಾ ವಿಚ್ಛೇದನ ಆದವರು, ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರು, ಮಗುವಿನಲ್ಲಿ ಗಂಭೀರ ದೋಷ ಕಂಡವರು ಈ ಪಟ್ಟಿಯಲ್ಲಿದ್ದಾರೆ. 24 ವಾರ ದಾಟಿದರೆ ಭ್ರೂಣದಲ್ಲಿ ದೊಡ್ಡ ದೋಷ ಇದ್ದಾಗ ಮಾತ್ರ ಅವಕಾಶ, ಅದನ್ನು ರಾಜ್ಯ ಸರ್ಕಾರ ರಚಿಸಿದ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ತಾಯಿಯ ಜೀವಕ್ಕೇ ತಕ್ಷಣದ ಅಪಾಯ ಇದ್ದರೆ ಈ ವಾರಗಳ ಲೆಕ್ಕ ಇಲ್ಲ.

ಆ ಪಟ್ಟಿಯಲ್ಲಿ ಇನ್ನೊಂದು ವರ್ಗ ಇದೆ. ಕೊಡಗಿನವರು ಅದನ್ನು ಎರಡು ಸಲ ಓದಬೇಕು. ಸರ್ಕಾರ ಘೋಷಿಸಿದ ವಿಪತ್ತು ಅಥವಾ ತುರ್ತು ಪರಿಸ್ಥಿತಿಯಲ್ಲಿ ಸಿಕ್ಕಿಕೊಂಡ ಗರ್ಭಿಣಿಯರಿಗೂ 24 ವಾರದವರೆಗೆ ಅವಕಾಶ ಇದೆ. ಈ ನಿಯಮ ಬಂದಿದ್ದು 2021ರ ಅಕ್ಟೋಬರಿನಲ್ಲಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರಗಳಲ್ಲಿ ಇದ್ದಾಗ ಇದು ಇರಲಿಲ್ಲ. ಮುಂದೆ ಅಂಥ ಮಳೆ ಬಂದರೆ ಪರಿಹಾರ ಕೇಂದ್ರದಲ್ಲಿರುವ ಹೆಂಗಸಿಗೆ ಹೀಗೊಂದು ದಾರಿ ಇದೆ ಅಂತ ಹೇಳುವವರು ಯಾರು? ಆ ಘೋಷಣೆ ಮಾಡುವವರು ಯಾರು? ಎಂಎಲ್‌ಎ ಅಭ್ಯರ್ಥಿಗೆ ಕೇಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗಂತೂ ಹೊಳೆಯುವುದಿಲ್ಲ.

ಗಂಡನ ಸಹಿ ಬೇಕು ಅಂತ ಈಗಲೂ ಎಷ್ಟೋ ಕಡೆ ಕೇಳುತ್ತಾರೆ. ಕಾನೂನಿನಲ್ಲಿ ಅದು ಇಲ್ಲ. 18 ದಾಟಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. 18ರ ಒಳಗಿನವಳಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಅವಿವಾಹಿತೆಯರ ವಿಷಯದಲ್ಲಿದ್ದ ಗೊಂದಲವನ್ನು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಬಗೆಹರಿಸಿತು. 20ರಿಂದ 24 ವಾರದ ಅವಕಾಶ ಮದುವೆಯಾಗದವರಿಗೂ ಇದೆ ಅಂತ ತೀರ್ಪು ಬಂತು. ಆ ಪೀಠದಲ್ಲಿ ಡಿ.ವೈ. ಚಂದ್ರಚೂಡ್, ಜೆ.ಬಿ. ಪಾರ್ದಿವಾಲಾ ಜೊತೆ ಇದ್ದ ಮೂರನೆಯವರು ನಮ್ಮ ಕೊಡಗಿನವರೇ ಆದ ಎ.ಎಸ್. ಬೋಪಣ್ಣ. ಹಾಗಂತ ಕೋರ್ಟು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ ಅಂದುಕೊಳ್ಳಬೇಡಿ. 2023ರ ಅಕ್ಟೋಬರಿನಲ್ಲಿ 26 ವಾರ ದಾಟಿದ ಒಂದು ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಅನುಮತಿ ಕೊಡಲಿಲ್ಲ.

ಲಿಂಗ ಪತ್ತೆ ಬೇರೆಯೇ ವಿಷಯ. ಅದನ್ನು ಇದರ ಜೊತೆ ಕಲಸಬಾರದು. ಗಂಡೋ ಹೆಣ್ಣೋ ಅಂತ ಸ್ಕ್ಯಾನಿಂಗ್‌ನಲ್ಲಿ ನೋಡಿ ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಾಗ ರಾಜ್ಯವೇ ಬೆಚ್ಚಿಬಿತ್ತು, ತನಿಖೆ ಸಿಐಡಿಗೆ ಹೋಯಿತು. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ 1,000 ಗಂಡಸರಿಗೆ 1,019 ಹೆಂಗಸರಿದ್ದರು. ನಮ್ಮಲ್ಲಿ ಆ ಸಮಸ್ಯೆ ಇಲ್ಲ ಅಂತ ಅಭ್ಯರ್ಥಿಗಳು ಈ ಅಂಕಿಯನ್ನು ತೋರಿಸುವುದುಂಟು. ಈ ಲೆಕ್ಕದಲ್ಲಿ ಎಲ್ಲ ವಯಸ್ಸಿನವರೂ ಸೇರಿದ್ದಾರೆ, ಈಗ ಹುಟ್ಟುವ ಮಕ್ಕಳ ಲೆಕ್ಕವಲ್ಲ. ಗರ್ಭಪಾತದ ಬಗ್ಗೆ ಕೇಳಿದರೆ ಹೆಣ್ಣು ಭ್ರೂಣಹತ್ಯೆ ಬಗ್ಗೆ ಭಾಷಣ ಮಾಡಿ ಜಾರಿಕೊಳ್ಳುವವರೂ ಇದ್ದಾರೆ. ಭ್ರೂಣಹತ್ಯೆಗೆ ವಿರೋಧ ಅಂತ ಎಲ್ಲರೂ ಹೇಳುತ್ತಾರೆ, ಹಾಗಾಗಿ ಅದರಿಂದ ಇಬ್ಬರ ನಡುವೆ ವ್ಯತ್ಯಾಸ ಕಾಣುವುದಿಲ್ಲ.

ದಯಾಮರಣ: ಇಲ್ಲಿ ಸಂಸತ್ತು ಇನ್ನೂ ಬಾಯಿ ಬಿಟ್ಟಿಲ್ಲ

ಗರ್ಭಪಾತಕ್ಕೆ ಕಾನೂನು ಇದೆ. ದಯಾಮರಣಕ್ಕೆ ಸಂಸತ್ತು ಮಾಡಿದ ಕಾನೂನೇ ಇಲ್ಲ. ಇರುವುದು ಸುಪ್ರೀಂ ಕೋರ್ಟಿನ ಮಾರ್ಗಸೂಚಿ. ಅದರ ಕಥೆ ಶುರುವಾಗುವುದು ನಮ್ಮ ರಾಜ್ಯದ ಒಬ್ಬ ಹೆಣ್ಣುಮಗಳಿಂದ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅಲ್ಲಿಯೇ ಒಬ್ಬ ಅವರ ಮೇಲೆ ಹಲ್ಲೆ ಮಾಡಿದ. ಆಮೇಲೆ 2015ರಲ್ಲಿ ಸಾಯುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಅವರಿಗೆ ದಯಾಮರಣ ಕೊಡಿ ಅಂತ ಹಾಕಿದ ಅರ್ಜಿಯನ್ನು 2011ರಲ್ಲಿ ಕೋರ್ಟ್ ತಳ್ಳಿಹಾಕಿತು. ಆದರೆ ಚಿಕಿತ್ಸೆ ಹಿಂತೆಗೆದುಕೊಳ್ಳುವ ನಿಷ್ಕ್ರಿಯ ದಯಾಮರಣಕ್ಕೆ ತಾತ್ವಿಕವಾಗಿ ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದೂ ಹಕ್ಕು ಅಂದಿತು, ಗುಣವಾಗದ ಸ್ಥಿತಿ ಬಂದರೆ ಇಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಆಗ ಹಾಕಿದ ಷರತ್ತುಗಳು ಎಷ್ಟು ಜಾಸ್ತಿ ಇದ್ದವು ಅಂದರೆ ಯಾರೂ ಬಳಸುವ ಹಾಗಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅವನ್ನು ಸಡಿಲ ಮಾಡಿತು.

ಇಂಜೆಕ್ಷನ್ ಕೊಟ್ಟು ಸಾಯಿಸುವುದು, ಅಂದರೆ ಸಕ್ರಿಯ ದಯಾಮರಣ, ಇವತ್ತಿಗೂ ಅಪರಾಧ. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆ ಹಾಕದೆ ಇರುವುದು ಅಥವಾ ಹಾಕಿದ್ದನ್ನು ತೆಗೆಯುವುದು ನಿಯಮ ಪಾಲಿಸಿದರೆ ಅಪರಾಧ ಅಲ್ಲ. ಅಭ್ಯರ್ಥಿ ದಯಾಮರಣಕ್ಕೆ ವಿರೋಧ ಅಂದಾಗ ಈ ಎರಡರಲ್ಲಿ ಯಾವುದಕ್ಕೆ ವಿರೋಧ ಅಂತ ಕೇಳಲೇಬೇಕು. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಕೇಳುವ ನಮಗೂ ಗೊತ್ತಿರುವುದಿಲ್ಲ ಅನ್ನುವುದು ಬೇರೆ ಮಾತು.

ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಈ ಬಗ್ಗೆ ಒಂದು ಕರಡು ಮಸೂದೆ ಹೊರಗೆ ಬಿಟ್ಟಿತ್ತು, ಅದು ಅಲ್ಲೇ ನಿಂತಿತು. 2024ರಲ್ಲಿ ವೆಂಟಿಲೇಟರ್ ತೆಗೆಯುವುದರ ಬಗ್ಗೆ ಕರಡು ಮಾರ್ಗಸೂಚಿ ಬಿಟ್ಟು ಜನರ ಅಭಿಪ್ರಾಯ ಕೇಳಿತು. ಕರ್ನಾಟಕ 2025ರ ಜನವರಿ ಕೊನೆಯಲ್ಲಿ ಸುತ್ತೋಲೆ ಹೊರಡಿಸಿ, ಆಸ್ಪತ್ರೆಗಳು ಸುಪ್ರೀಂ ಕೋರ್ಟ್ ಹೇಳಿದ ಹಾಗೆ ಎರಡು ಹಂತದ ವೈದ್ಯಕೀಯ ಮಂಡಳಿ ಮಾಡಬೇಕು ಅಂದಿತು. ಇದನ್ನು ದಯಾಮರಣ ಅಂತ ತಪ್ಪು ತಿಳಿಯಬೇಡಿ ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆಗಲೇ ಹೇಳಿದ್ದರು. ಕುಶಾಲನಗರದ ಗುಂಡೂರಾಯರ ಮಗ ಅವರು. ಎರಡೂ ವಿಷಯಕ್ಕೆ ಕೊಡಗಿನ ನಂಟು ಇರುವುದು ಕಾಕತಾಳೀಯ, ಆದರೆ ಪ್ರಚಾರಕ್ಕೆ ಬಂದವರ ಹತ್ತಿರ ಮಾತು ಶುರು ಮಾಡಲು ಚೆನ್ನಾಗಿದೆ.

ಎಂಪಿಯೋ, ಎಂಎಲ್‌ಎಯೋ, ಪಂಚಾಯಿತಿಯೋ?

ಅಭ್ಯರ್ಥಿಗಳನ್ನು ಹೋಲಿಸುವ ಮೊದಲು ಸೀಟು ಹೋಲಿಸಿ. ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದರೆ ಉಪಯೋಗ ಇಲ್ಲ.

ಕಾನೂನು ಬದಲಾಗಬೇಕು, ಬಿಗಿಯಾಗಲಿ ಸಡಿಲವಾಗಲಿ, ಅನ್ನುವವರಿಗೆ ಲೋಕಸಭೆ ಚುನಾವಣೆಯೇ ಮುಖ್ಯ. 20 ವಾರವೋ 24 ವಾರವೋ, ದಯಾಮರಣಕ್ಕೆ ಕಾನೂನು ಬೇಕೋ ಬೇಡವೋ, ಎಲ್ಲ ಅಲ್ಲೇ ಆಗಬೇಕು. ನಮ್ಮ ಕಷ್ಟ ಏನೆಂದರೆ ಮೈಸೂರು-ಕೊಡಗು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕೊಡಗಿನವು ಎರಡೇ. ಉಳಿದ ಆರು ಮೈಸೂರು ಜಿಲ್ಲೆಯವು. ಅಭ್ಯರ್ಥಿ ಪ್ರಚಾರಕ್ಕೆ ಇಲ್ಲಿ ಕಳೆಯುವ ಹೊತ್ತು ಕಡಿಮೆ. ಬಂದಾಗಲೂ ರೋಡ್‌ಶೋ, ಹಾರ, ಫೋಟೋ. ಆ ಗಲಾಟೆಯಲ್ಲಿ ಇಂಥ ಪ್ರಶ್ನೆ ಕೇಳಿದರೆ ಪಕ್ಕದಲ್ಲಿರುವ ಕಾರ್ಯಕರ್ತರು ನಿಮ್ಮನ್ನೇ ದುರುಗುಟ್ಟಿ ನೋಡುತ್ತಾರೆ. ಪತ್ರ ಬರೆದು ಕೊಡಿ, ಕೊಟ್ಟ ದಿನ ಬರೆದಿಟ್ಟುಕೊಳ್ಳಿ.

ಹಾಲಿ ಎಂಪಿ ಮತ್ತೆ ನಿಂತಿದ್ದರೆ ಹೋಲಿಕೆ ಸ್ವಲ್ಪ ಸುಲಭ. ಅವರು ಸದನದಲ್ಲಿ ಕೇಳಿದ ಪ್ರಶ್ನೆಗಳೆಲ್ಲ ಸಂಸತ್ತಿನ ವೆಬ್‌ಸೈಟ್‌ನಲ್ಲಿವೆ. ಆರೋಗ್ಯ ಇಲಾಖೆಗೆ ಏನು ಕೇಳಿದ್ದಾರೆ, ತಾಯಂದಿರ ಸಾವು, ಕ್ಯಾನ್ಸರ್ ನೋವಿನ ಔಷಧಿ, ಮುಪ್ಪಿನವರ ಆರೈಕೆ ಇಂಥ ಮಾತು ಒಮ್ಮೆಯಾದರೂ ಬಂದಿದೆಯಾ ನೋಡಿ. ಮೊದಲ ಸಲ ನಿಂತವರಿಗೆ ಈ ದಾಖಲೆ ಇರುವುದಿಲ್ಲ, ಅದು ಅವರ ತಪ್ಪೇನಲ್ಲ.

ನನ್ನ ಪ್ರಕಾರ ಕೊಡಗಿನ ಮಟ್ಟಿಗೆ ಎಂಎಲ್‌ಎ ಸೀಟೇ ದೊಡ್ಡದು. ಕಾನೂನು ಎಷ್ಟು ವಾರ ಅಂದರೂ, ಅದು ನಿಮ್ಮ ಊರಿಗೆ ಬಂದು ಮುಟ್ಟಬೇಕಾದರೆ ಆಸ್ಪತ್ರೆ ಬೇಕು. ಸಂವಿಧಾನದಲ್ಲಿ ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ರಾಜ್ಯದ ಪಟ್ಟಿಯಲ್ಲಿವೆ. 2008ಕ್ಕೆ ಮುಂಚೆ ಸೋಮವಾರಪೇಟೆಯೂ ಸೇರಿ ಮೂವರು ಎಂಎಲ್‌ಎಗಳಿದ್ದರು. ಈಗ ಮಡಿಕೇರಿ, ವಿರಾಜಪೇಟೆ ಇಬ್ಬರೇ. 2023ರಲ್ಲಿ ಗೆದ್ದವರಲ್ಲಿ ಮಡಿಕೇರಿಯ ಮಂತರ್ ಗೌಡರ ಹೆಸರಿನ ಮುಂದೆ ಡಾಕ್ಟರ್ ಇದೆ. ವಿರಾಜಪೇಟೆಯ ಎ.ಎಸ್. ಪೊನ್ನಣ್ಣ ಹಿರಿಯ ವಕೀಲರು. ಇಂಥವರ ಹತ್ತಿರ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಷ್ಟು ಅನುಕೂಲ. ಆದರೆ ವೃತ್ತಿ ನೋಡಿ ನಿಲುವು ಊಹಿಸಬೇಡಿ. ಡಾಕ್ಟರುಗಳಲ್ಲೂ ಗರ್ಭಪಾತ ಮಾಡಲ್ಲ ಅನ್ನುವವರಿದ್ದಾರೆ.

ಗರ್ಭಪಾತದ ಕಾನೂನು ಕೊಡಗಿನಲ್ಲಿ ನಡೆಯಬೇಕಾದರೆ ಏನೇನು ಇರಬೇಕು ನೋಡಿ. ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರು ಇರಬೇಕು. ಸ್ಕ್ಯಾನಿಂಗ್ ಮಾಡುವವರು, ಅರಿವಳಿಕೆ ತಜ್ಞರು ಇರಬೇಕು. 20 ವಾರ ದಾಟಿದರೆ ಎರಡನೇ ವೈದ್ಯರ ಅಭಿಪ್ರಾಯ ಬೇಕು. ಮಂಡಳಿಗೆ ಹೋದರೆ ಮೂರು ದಿನದಲ್ಲಿ ಅಭಿಪ್ರಾಯ ಕೊಡಬೇಕು ಅಂತ ನಿಯಮ ಇದೆ. ಕುಟ್ಟದಿಂದಲೋ ಭಾಗಮಂಡಲದಿಂದಲೋ ಹೊರಟವಳು ಮಡಿಕೇರಿಗೆ ಬಂದು, ಅಲ್ಲಿಂದ 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿ ಅಂತ ಕಳಿಸಿದರೆ, ಅವಳ ಒಂದು ವಾರದ ಕೂಲಿ ಹೋಯಿತು. ಕಾಫಿ ಕೊಯ್ಲಿನ ಸಮಯವಾದರೆ ತೋಟದ ಲೆಕ್ಕ ನೋಡುವ ರೈಟರಿಗೆ ರಜೆಯ ಕಾರಣ ಹೇಳಬೇಕು. ಅಲ್ಲಿಗೆ ಗುಟ್ಟು ರಟ್ಟು. ಕೊನೆಗೆ ಅವಳು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಮಾತ್ರೆ ಕೊಳ್ಳುತ್ತಾಳೆ. ಅದು ಅಪಾಯ. ಮಾತ್ರೆಯ ವಿಧಾನ ಒಂಬತ್ತು ವಾರದವರೆಗೆ ಮಾತ್ರ, ಅದೂ ವೈದ್ಯರ ನಿಗಾದಲ್ಲಿ.

ಗರ್ಭಪಾತ ಕಡಿಮೆ ಆಗಬೇಕು ಅನ್ನುವ ಮತದಾರರಿಗೂ ಇದೇ ಸೀಟು ಮುಖ್ಯ. ಆಶಾ ಕಾರ್ಯಕರ್ತೆ ಲೈನ್ ಮನೆಗಳಿಗೆ ಹೋಗುತ್ತಾರಾ, ಗರ್ಭನಿರೋಧಕ ಸಿಗುತ್ತದಾ, ಒಂಟಿ ತಾಯಿಗೆ ಆಸರೆ ಇದೆಯಾ, ಕಾನೂನುಬದ್ಧವಾಗಿ ದತ್ತು ಕೊಡುವ ದಾರಿ ತಿಳಿಸುವವರು ಇದ್ದಾರಾ? ವಿರೋಧಿಸುತ್ತೇನೆ ಅಂತ ಮಾತ್ರ ಹೇಳಿ ಇದರಲ್ಲಿ ಒಂದಕ್ಕೂ ಉತ್ತರ ಇಲ್ಲದ ಅಭ್ಯರ್ಥಿಯಿಂದ ನಿಮ್ಮ ಉದ್ದೇಶವೂ ಈಡೇರುವುದಿಲ್ಲ.

ಸಾವಿನ ವಿಷಯಕ್ಕೆ ಬಂದರೆ ಎಂಎಲ್‌ಎ ಅಭ್ಯರ್ಥಿಗಳನ್ನು ಬೇರೆ ಮಾಡಿ ತೋರಿಸುವ ಒಂದು ಪ್ರಶ್ನೆ ಇದೆ. ದಯಾಮರಣ ಬೇಕೋ ಬೇಡವೋ ಅಂತ ಕೇಳಬೇಡಿ. ಗುಣವಾಗದ ರೋಗಿಗೆ ಮನೆಯಲ್ಲೇ ನೋವು ಕಡಿಮೆ ಮಾಡುವ ಆರೈಕೆ ಕೊಡಿಸಲು ಏನು ಮಾಡುತ್ತೀರಿ ಅಂತ ಕೇಳಿ. ದಯಾಮರಣದ ಪರ ಇರುವವರೂ ಕಟ್ಟಾ ವಿರೋಧಿಗಳೂ ಇದು ಬೇಕು ಅಂತ ಒಪ್ಪುತ್ತಾರೆ. ನೋವು ತಡೆಯಲಾಗದೆ ಸಾವು ಬೇಡುವವರಿಗೆ ಮೊದಲು ಸಿಗಬೇಕಾದದ್ದು ನೋವಿನ ಔಷಧಿ. ಮಾಕುಟ್ಟ ದಾಟಿ ಕಣ್ಣೂರಿಗೆ, ಕುಟ್ಟ ದಾಟಿ ವಯನಾಡಿಗೆ ಹೋದರೆ ಪಂಚಾಯಿತಿಗಳೇ ಇದನ್ನು ನಡೆಸುತ್ತವೆ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿತು. ಅಲ್ಲಿ ನರ್ಸ್ ಮನೆಗೆ ಬರುತ್ತಾರೆ, ಊರಿನ ಸ್ವಯಂಸೇವಕರು ಜೊತೆಗೆ ಬರುತ್ತಾರೆ. ಮಾರ್ಫಿನ್ ಸಿಗುವುದನ್ನು ಸುಲಭ ಮಾಡಲು ಸಂಸತ್ತು 2014ರಲ್ಲೇ ಮಾದಕ ವಸ್ತು ಕಾನೂನಿಗೆ ತಿದ್ದುಪಡಿ ತಂದಿದೆ. ಅಂದರೆ ಕಾನೂನು ಅಡ್ಡ ಬರುತ್ತಿಲ್ಲ, ಆಸಕ್ತಿ ಬೇಕು. 2019ರಲ್ಲಿ ಕೊಡಗಿಗೆ ಒಳ್ಳೆಯ ತುರ್ತು ಆಸ್ಪತ್ರೆ ಬೇಕು ಅಂತ ಟ್ವಿಟರಿನಲ್ಲಿ ನಮ್ಮ ಹುಡುಗರು ಎಬ್ಬಿಸಿದ ಸದ್ದು ಬೆಂಗಳೂರಿಗೆ ಕೇಳಿಸಿತ್ತು. ನೋವಿನ ಆರೈಕೆಗೆ ಅಂಥ ಸದ್ದು ಇನ್ನೂ ಎದ್ದಿಲ್ಲ.

ಅದರ ಜೊತೆಗೆ ಮಂಡಳಿಗಳ ಬಗ್ಗೆ ಕೇಳಿ. ಚಿಕಿತ್ಸೆ ನಿಲ್ಲಿಸಲು ಮೊದಲ ಮಂಡಳಿಯಲ್ಲಿ ನೋಡುತ್ತಿರುವ ವೈದ್ಯರ ಜೊತೆ ಇನ್ನಿಬ್ಬರು ತಜ್ಞರು ಬೇಕು. ಎರಡನೇ ಮಂಡಳಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬರು, ಮೊದಲ ಮಂಡಳಿಯಲ್ಲಿ ಇಲ್ಲದ ಮತ್ತಿಬ್ಬರು ತಜ್ಞರು ಬೇಕು. ತಜ್ಞರಿಗೆ ಕನಿಷ್ಠ ಐದು ವರ್ಷದ ಅನುಭವ ಇರಬೇಕು, ಆದಷ್ಟು 48 ಗಂಟೆಯಲ್ಲಿ ಅಭಿಪ್ರಾಯ ಹೇಳಬೇಕು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ, ಅಲ್ಲಿ ಜನ ಸಿಗಬಹುದು. ವಿರಾಜಪೇಟೆ, ಸೋಮವಾರಪೇಟೆಯಲ್ಲಿ ಇಷ್ಟು ತಜ್ಞರನ್ನು ಒಟ್ಟು ಸೇರಿಸುವುದು ಹೇಗೆ? ಇದಕ್ಕೆ ಅಭ್ಯರ್ಥಿ ಯೋಚನೆ ಮಾಡಿ ಉತ್ತರಿಸಿದರೆ, ಆ ಉತ್ತರ ನಿಮಗೆ ಹಿಡಿಸದಿದ್ದರೂ, ಅವರನ್ನು ಒಂದು ಮೆಟ್ಟಿಲು ಮೇಲೆ ಇಡಿ.

ಇನ್ನು ಪಂಚಾಯಿತಿ. ಅಲ್ಲಿ ಇದಕ್ಕೇನು ಕೆಲಸ ಅಂದುಕೊಳ್ಳಬಹುದು. ಕೆಲಸ ಇದೆ. ಸುಪ್ರೀಂ ಕೋರ್ಟಿನ 2023ರ ಆದೇಶದ ಪ್ರಕಾರ ಲಿವಿಂಗ್ ವಿಲ್ ಬರೆದವರು ಅದರ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು. ಅದನ್ನು ಇಟ್ಟುಕೊಳ್ಳಲು ಒಬ್ಬ ಅಧಿಕಾರಿಯನ್ನು ಆ ಸಂಸ್ಥೆ ಹೆಸರಿಸಬೇಕು. ನಮ್ಮ ಕಡೆಯ ಒಂದು ಪಂಚಾಯಿತಿಗೆ ನೆಂಟರೊಬ್ಬರ ಜೊತೆ ನಾನೂ ಹೋಗಿದ್ದೆ. ಎರಡು ಸಾಕ್ಷಿ ಸಹಿ, ನೋಟರಿ ಮುದ್ರೆ, ತನ್ನ ಪರವಾಗಿ ತೀರ್ಮಾನ ಮಾಡುವವರ ಹೆಸರು, ಎಲ್ಲ ಸರಿಯಾಗಿತ್ತು. ಪಿಡಿಒ ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಖಾತೆ ಬದಲಾವಣೆಯಾ ಅಂದರು. ಅಲ್ಲ ಅಂದೆವು. ಆಸ್ತಿಯ ಉಯಿಲಾದರೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಅಂದರು. ಅದೂ ಅಲ್ಲ ಅಂದೆವು. ಪೂರ್ತಿ ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳ್ಳೇದು ಸಾರ್, ಆದ್ರೆ ಇದಕ್ಕೆ ನಮ್ಮಲ್ಲಿ ರಿಜಿಸ್ಟರೇ ಇಲ್ವಲ್ಲ ಅಂದರು. ಕೊನೆಗೆ ನೀರಿನ ಕಂದಾಯದ ಅರ್ಜಿಗಳ ಕೆಳಗೆ ಇನ್‌ವರ್ಡ್ ನಂಬರ್ ಹಾಕಿ ಸೀಲ್ ಒತ್ತಿ ಕೊಟ್ಟರು. ಅವರದ್ದೇನೂ ತಪ್ಪಿಲ್ಲ. ಮೇಲಿನಿಂದ ಯಾರೂ ಹೇಳಿಲ್ಲದಿದ್ದರೆ ಅವರಾದರೂ ಏನು ಮಾಡುತ್ತಾರೆ?

ಬರುವ ಉತ್ತರಗಳನ್ನು ತೂಗುವುದು

ಪ್ರಚಾರಕ್ಕೆ ಬಂದ ಒಬ್ಬ ಅಭ್ಯರ್ಥಿಯನ್ನು ನಮ್ಮ ಪಕ್ಕದ ಮನೆಯ ಅಜ್ಜಿ ಕಾಫಿ ಕಣದ ಹತ್ತಿರ ನಿಲ್ಲಿಸಿ ಕೇಳಿದ್ದರು: "ಬಾಯಿಗೆ ಪೈಪು ಹಾಕಿ ಮಲಗಿಸ್ಬೇಡಿ ಅಂತ ನಾನು ಬರೆದಿಟ್ರೆ ನಿಮ್ಮ ಸರ್ಕಾರಿ ಆಸ್ಪತ್ರೆಯವ್ರು ಕೇಳ್ತಾರೇನಪ್ಪ?" ಅವರು ನಕ್ಕು, "ಏನಜ್ಜಿ ನೀವು, ನೂರು ವರ್ಷ ಬದುಕ್ತೀರಿ" ಅಂತ ಕಾಲಿಗೆ ಬಿದ್ದರು. ಫೋಟೋ ಚೆನ್ನಾಗಿ ಬಂತು. ಅಜ್ಜಿ ಮಾತ್ರ, "ನೂರು ವರ್ಷ ಯಾರಿಗೆ ಬೇಕು, ಕೇಳಿದ್ದು ಅದಲ್ಲ" ಅಂತ ಗೊಣಗುತ್ತಾ ಒಳಗೆ ಹೋದರು.

ಈ ಥರದ ಉತ್ತರವೇ ಜಾಸ್ತಿ ಬರುತ್ತದೆ. ನಾನು ಇದಕ್ಕೆ ಸೊನ್ನೆ ಅಂಕ ಕೊಡುತ್ತೇನೆ. ಪಕ್ಷ ಏನು ಹೇಳುತ್ತದೋ ಅದೇ ನನ್ನ ನಿಲುವು ಅನ್ನುವುದು ಅದಕ್ಕಿಂತ ವಾಸಿ. ವಿಪ್ ಇರುವ ದೇಶದಲ್ಲಿ ಅದು ಪ್ರಾಮಾಣಿಕ ಮಾತು. ಹಾಗಾದರೆ ಪಕ್ಷದ ಪ್ರಣಾಳಿಕೆಯಲ್ಲಿ ಇದು ಎಲ್ಲಿದೆ ತೋರಿಸಿ ಅನ್ನಿ.

ಕಾನೂನು ಇದ್ದ ಹಾಗೇ ಇರಲಿ ಅನ್ನುವವರು ಬರುತ್ತಾರೆ. ಕೇಳಲು ತಣ್ಣಗಿರುತ್ತದೆ. ಇದ್ದ ಕಾನೂನು ನಮ್ಮ ತಾಲೂಕಿನಲ್ಲಿ ನಡೆಯುತ್ತಿದೆಯಾ ಅನ್ನುವುದು ಅವರಿಗೆ ಮುಂದಿನ ಪ್ರಶ್ನೆ. ನನ್ನ ಧರ್ಮ ಒಪ್ಪುವುದಿಲ್ಲ, ಆದರೆ ಕಾನೂನಿಗೆ ಅಡ್ಡ ಬರುವುದಿಲ್ಲ ಅನ್ನುವವರೂ ಸಿಗಬಹುದು. ನನಗೆ ಇದು ಗೌರವದ ಉತ್ತರವಾಗಿ ಕಾಣುತ್ತದೆ. ಗರ್ಭಪಾತ ಪೂರ್ತಿ ನಿಲ್ಲಬೇಕು ಅನ್ನುವ ಮತದಾರರಿಗೆ ಇದು ಸಾಲದು ಅನಿಸಬಹುದು. ಸಾಲದು ಅಂದರೆ ಸಾಲದು, ಅವರ ವೋಟು ಅವರದ್ದು.

ಧರ್ಮದ ಮಾತು ಬಂದಾಗ ಒಂದನ್ನು ನೆನಪಿಡಿ. ಗರ್ಭಪಾತ ಮತ್ತು ದಯಾಮರಣ ಎರಡನ್ನೂ ಒಂದೇ ಕಟ್ಟು ಮಾಡಿ ಮಾತಾಡುವವರು ಇದ್ದಾರೆ. ನಂಬಿಕೆಗಳು ಅಷ್ಟು ಸರಳವಾಗಿಲ್ಲ. ಕ್ಯಾಥೊಲಿಕ್ ಚರ್ಚ್ ಎರಡನ್ನೂ ವಿರೋಧಿಸುತ್ತದೆ. ಆದರೆ ಫಲವಿಲ್ಲದ, ಭಾರವಾದ ಚಿಕಿತ್ಸೆಯನ್ನು ಬೇಡ ಅನ್ನುವುದು ತಪ್ಪಲ್ಲ ಅಂತ ವ್ಯಾಟಿಕನ್ 1980ರಲ್ಲೇ ಹೇಳಿದೆ. ಅನ್ನ ನೀರು ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನರ ಸಲ್ಲೇಖನ ವ್ರತವನ್ನು ರಾಜಸ್ಥಾನ ಹೈಕೋರ್ಟ್ 2015ರಲ್ಲಿ ಅಪರಾಧ ಅಂದಾಗ ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಂದರೆ ಒಂದು ವಿಷಯದಲ್ಲಿ ಅಭ್ಯರ್ಥಿ ನಿಮ್ಮ ಜೊತೆ ಇದ್ದಾರೆ ಅಂತ ಇನ್ನೊಂದರಲ್ಲೂ ಇರುತ್ತಾರೆ ಅಂದುಕೊಳ್ಳಬೇಡಿ, ಬೇರೆ ಬೇರೆಯಾಗಿ ಕೇಳಿ. ಅಭ್ಯರ್ಥಿ ತನ್ನ ನಂಬಿಕೆ ಹೇಳಿಕೊಳ್ಳುವುದು ಸರಿ. ಆದರೆ ಧರ್ಮದ ಹೆಸರಿನಲ್ಲಿ ವೋಟು ಕೇಳುವುದು ಚುನಾವಣಾ ಕಾನೂನಿನಲ್ಲಿ ಭ್ರಷ್ಟ ಆಚರಣೆ, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿ ಮಾಡಿದೆ.

ಎಲ್ಲಿ ಕೇಳುವುದು ಅನ್ನುವುದೂ ಮುಖ್ಯ. ಗೋಣಿಕೊಪ್ಪದ ಸಂತೆಯಲ್ಲಿ ಮೈಕ್ ಹಿಡಿದವರಿಗೆ ಕೇಳಿದರೆ ಉತ್ತರ ಬರುವುದಿಲ್ಲ, ಮುಜುಗರ ಮಾತ್ರ ಆಗುತ್ತದೆ. ಬೆಳೆಗಾರರ ಸಭೆ, ಮಹಿಳಾ ಸಮಾಜ, ಸ್ವಸಹಾಯ ಸಂಘದ ಮೀಟಿಂಗು, ಹಿರಿಯ ನಾಗರಿಕರ ವೇದಿಕೆ ಇಂಥ ಕಡೆ ಹತ್ತಿಪ್ಪತ್ತು ಜನ ಕೂತಿರುವಾಗ ಕೇಳಿ. ಎಲ್ಲ ಅಭ್ಯರ್ಥಿಗಳಿಗೂ ಅದೇ ಮಾತುಗಳಲ್ಲಿ ಅದೇ ಪ್ರಶ್ನೆ ಹೋಗಲಿ. ಒಬ್ಬರಿಗೆ ಮೆತ್ತಗೆ, ಇನ್ನೊಬ್ಬರಿಗೆ ಚುಚ್ಚಿ ಕೇಳಿದರೆ ಹೋಲಿಕೆ ಕೆಡುತ್ತದೆ. ಯಾರದ್ದೋ ಮನೆಯ ಹುಡುಗಿಯ ಕಥೆಯನ್ನು ಉದಾಹರಣೆ ಅಂತ ಸಭೆಯಲ್ಲಿ ಎತ್ತಬೇಡಿ. ಗರ್ಭಪಾತ ಮಾಡಿಸಿಕೊಂಡವರ ಗುರುತು ಬಿಟ್ಟುಕೊಡುವುದು ವೈದ್ಯರಿಗೆ ಕಾನೂನಿನಲ್ಲೇ ನಿಷಿದ್ಧ, ನಮಗೂ ಅಷ್ಟು ಜವಾಬ್ದಾರಿ ಇರಲಿ.

ಪಂಚಾಯಿತಿ ವಿಷಯಕ್ಕೆ ಮಾತ್ರ ಚುನಾವಣೆ ಬರಲಿ ಅಂತ ಕಾಯಬೇಕಾಗಿಲ್ಲ. ಲಿವಿಂಗ್ ವಿಲ್ ಇಟ್ಟುಕೊಳ್ಳುವ ಅಧಿಕಾರಿಯನ್ನು ಹೆಸರಿಸಿ, ಅದಕ್ಕೊಂದು ರಿಜಿಸ್ಟರ್ ತೆರೆಯಿರಿ ಅಂತ ಮುಂದಿನ ಗ್ರಾಮಸಭೆಯಲ್ಲೇ ಅರ್ಜಿ ಕೊಟ್ಟು ನಡಾವಳಿಯಲ್ಲಿ ಬರೆಸಬಹುದು. ಸದಸ್ಯರಲ್ಲಿ ಯಾರು ಅದನ್ನು ಓದಿದರು, ಯಾರು ಮುಂದಿನ ಸಭೆಗೆ ನೋಡೋಣ ಅಂದರು ಅಂತ ಬರೆದಿಟ್ಟುಕೊಂಡರೆ ಮುಂದಿನ ಪಂಚಾಯಿತಿ ಚುನಾವಣೆಗೆ ನಿಮ್ಮ ಹೋಲಿಕೆಯ ಪಟ್ಟಿ ಅರ್ಧ ತಯಾರಾದ ಹಾಗೆ.